ಹೇಂಟೆ ಕೂಗಿದ್ರೆ ಮೊದ್ಲು ಮೊಟ್ಟೆಯನ್ನು ಕೇಳಿ

ಈ ಸಲ ದನದವರು ಆಡಿನವರು ಸ್ವಲ್ಪ ಕಾಯ್ಬೇಕು. ಬಂದ ಕಾಗದ, ವಾಟ್ಸ್ಯಾಪ್ ಎಲ್ಲ ಸೇರಿಸಿ ನೋಡಿದ್ರೆ ಅರ್ಧಕ್ಕರ್ಧ ಕೋಳಿಯದ್ದೇ, ಅದ್ರಲ್ಲೂ ಕೂಗುವ ಹೇಂಟೆಯದ್ದು. ಒಂದೇ ತಿಂಗಳಲ್ಲಿ ಇಷ್ಟೊಂದು ಹೇಂಟೆಗಳಿಗೆ ಎಂತಾಯ್ತಪ್ಪ ಅಂತ ನಂಗೂ ಅನಿಸಿತು, ಆಮೇಲೆ ಗೊತ್ತಾಯ್ತು, ಪೈವಳಿಕೆಯ ಒಬ್ರು ಹಾಕಿದ ವಿಡಿಯೋ ಗ್ರೂಪಿಂದ ಗ್ರೂಪಿಗೆ ಹಾರಿ ಈಗ ಎಲ್ರೂ ತಮ್ಮ ತಮ್ಮ ಗೂಡಿಗೆ ಬಗ್ಗಿ ನೋಡ್ಲಿಕ್ಕೆ ಶುರು ಮಾಡಿದ್ದಾರೆ. ಹಾಗಾಗಿ ಆ ಪೈವಳಿಕೆಯವ್ರದ್ದೇ ಮೊದ್ಲು.

ಪ್ರಶ್ನೆ: ಅಕ್ಕಾ ನಮಸ್ಕಾರ. ನಮ್ಮಲ್ಲಿ ಆರು ಹೇಂಟೆ ಒಂದು ಹುಂಜ ಇತ್ತು, ಎಲ್ಲ ನಾಡನ್ ಕೋಳಿಯೇ. ಹುಂಜವನ್ನು ಹೋದ ತಿಂಗಳು ನಾದಿನಿ ಮನೆಯವ್ರು ಬಂದಾಗ ಕೊಯ್ದದ್ದು. ಅದಾಗಿ ಎರಡು ವಾರ ಆಗಿರ್ಲಿಕ್ಕಿಲ್ಲ, ನಮ್ಮ ಕಪ್ಪು ಹೇಂಟೆ ಬೆಳಿಗ್ಗೆ ತೆಂಗಿನ ಸಿಪ್ಪೆ ರಾಶಿಗೆ ಹತ್ತಿ ಕತ್ತು ಉದ್ದ ಮಾಡಿ ಕೂಗ್ತದೆ. ಪೂರ್ತಿ ಕೊಕ್ಕೊಕ್ಕೋ ಅಲ್ಲ, ಗಂಟಲು ಕಟ್ಟಿದವ್ರ ಹಾಗೆ ಅರ್ಧಕ್ಕೆ ನಿಲ್ತದೆ. ಬೇರೆ ಹೇಂಟೆಗಳ ಮೇಲೆ ಹತ್ತುತ್ತದೆ, ಹುಳ ಸಿಕ್ಕಿದ್ರೆ ತಾನು ತಿನ್ನದೆ ಉಳಿದದ್ದನ್ನು ಕರೀತದೆ. ಅತ್ತೆ "ಪೆರಡೆ ಕೆಲೆಪುಂಡು, ಇಲ್ಲಗ್ ಎಡ್ಡೆ ಅತ್ತ್" (ಹೇಂಟೆ ಕೂಗ್ತದೆ, ಮನೆಗೆ ಒಳ್ಳೇದಲ್ಲ) ಅಂತ ದಿನಾ ಹೇಳಿ ಹೇಳಿ ಈಗ ಕೊಯ್ದೇ ಬಿಡುವಾ ಅಂತ ಕೂತಿದ್ದಾರೆ. ಆಚೆಮನೆಯ ಮಲಯಾಳದವ್ರೂ ಅದನ್ನೇ ಹೇಳಿದ್ರು. ದುಬೈಯಲ್ಲಿರುವ ಇವ್ರಿಗೆ ಹೇಳಿದ್ರೆ ವಿಡಿಯೋ ಕಳಿಸು ಅಂತಾರೆ, ಅಷ್ಟೇ. ಅದು ಮೊಟ್ಟೆ ಇಡ್ತದಾ ಇಲ್ವಾ ಗೊತ್ತಿಲ್ಲ, ಎಲ್ಲ ಒಂದೇ ಬುಟ್ಟಿಯಲ್ಲಿ ಇಡ್ತವೆ. ನಮ್ಮ ಹೇಂಟೆ ಹುಂಜ ಆಗ್ತಾ ಉಂಟಾ?

ಉತ್ತರ: ತಂಗೀ, ಕತ್ತಿ ಒಳಗಿಡಿ ಮೊದ್ಲು, ಅತ್ತೆಗೂ ಹೇಳಿ, ನಿಮ್ಮ ಕೊನೆಯ ವಾಕ್ಯದ ಹಿಂದಿನ ವಾಕ್ಯದಲ್ಲೇ ಅರ್ಧ ಉತ್ತರ ಉಂಟು. ಮೊಟ್ಟೆ ಇಡ್ತದಾ ಇಲ್ವಾ ಗೊತ್ತಿಲ್ಲ ಅಂದ್ರಲ್ಲ, ಅದೇ ಗೊತ್ತಾಗ್ಬೇಕಾದ್ದು. ಕೂಗುವ ಹೇಂಟೆಯಲ್ಲಿ ಎರಡು ಜಾತಿ. ಒಂದು, ಮೈಯೆಲ್ಲ ಹೇಂಟೆಯೇ, ಬುದ್ಧಿ ಮಾತ್ರ ಯಜಮಾನಿಕೆಯದ್ದು. ಇನ್ನೊಂದು, ಹೊಟ್ಟೆಯೊಳಗೆ ಮೊಟ್ಟೆ ಕಟ್ಟುವ ಜಾಗವೇ ಕೆಟ್ಟು ಮೈಯೇ ಹುಂಜದ ಕಡೆ ತಿರುಗಿದ್ದು. ಎರಡೂ ದೂರದಿಂದ ನೋಡ್ಲಿಕ್ಕೆ ಒಂದೇ ತರ ಕಾಣ್ತದೆ, ಮೊಟ್ಟೆಯೊಂದೇ ಸರಿಯಾಗಿ ಬೇರೆ ಮಾಡಿ ಹೇಳುವುದು.

ಮೊಟ್ಟೆ ಯಾರದ್ದು ಅಂತ ಕಂಡುಹಿಡೀಲಿಕ್ಕೆ ನಾನು ಮಾಡುವುದು ಹೀಗೆ. ಕೇಕಿಗೆ ಹಾಕುವ ಕಲರ್ ಉಂಟಲ್ಲ, ನೀಲಿಯದ್ದು ತಗೊಳ್ಳಿ. ರಾತ್ರಿ ಕೋಳಿ ಗೂಡು ಸೇರಿದ ಮೇಲೆ, ಕತ್ತಲಲ್ಲಿ ಅದು ಹೆಚ್ಚು ಗಲಾಟೆ ಮಾಡುದಿಲ್ಲ, ಮೆಲ್ಲ ಎತ್ತಿ ಕಂಕುಳಲ್ಲಿ ಹಿಡ್ಕೊಂಡು ಹಿಂದೆ ಮೊಟ್ಟೆ ಬರುವ ದ್ವಾರದ ಸುತ್ತ ಬೆರಳಲ್ಲಿ ಸ್ವಲ್ಪ ಹಚ್ಚಿ ಬಿಡಿ. ಮೊಟ್ಟೆ ಹೊರಗೆ ಬರುವಾಗ ಚಿಪ್ಪಿನ ಮೇಲೆ ನೀಲಿ ಗೆರೆ ಎಳ್ಕೊಂಡೇ ಬರ್ತದೆ. ಎರಡು ದಿನಕ್ಕೊಮ್ಮೆ ಪುನಃ ಹಚ್ಬೇಕು, ಇಲ್ಲಾಂದ್ರೆ ಹೋಗ್ತದೆ. ಹಿಡಿದ ಹೊತ್ತಲ್ಲೇ ಇನ್ನೊಂದು ನೋಡಿ, ಆ ದ್ವಾರದ ಎರಡೂ ಪಕ್ಕ ತೆಳ್ಳಗೆ ಎರಡು ಮೂಳೆಯ ತುದಿ ಕೈಗೆ ಸಿಗ್ತದೆ, ಮೊಟ್ಟೆ ಇಡುವ ಹೇಂಟೆಗೆ ಅದರ ಮಧ್ಯೆ ಎರಡು ಮೂರು ಬೆರಳು ಆರಾಮ ಹಿಡೀತದೆ, ಇಡದಿರುವುದಕ್ಕೆ ಒಂದು ಬೆರಳೂ ಕಷ್ಟ. ದ್ವಾರ ಅಗಲ, ಒದ್ದೆ ಇದ್ರೆ ಇಡ್ತಾ ಉಂಟು ಅಂತ, ಸಣ್ಣ ಆಗಿ ಒಣಗಿ ಸುಕ್ಕು ಕಟ್ಟಿದ್ರೆ ನಿಲ್ಸಿದೆ ಅಂತ.

ಆದ್ರೆ ನಾಲ್ಕು ದಿನ ಗೆರೆ ಬರ್ಲಿಲ್ಲ ಅಂತ ಹೆದರ್ಬೇಡಿ. ನಾಡನ್ ಕೋಳಿ ವರ್ಷಕ್ಕೆ ಇಡುವುದೇ 60–80 ಮೊಟ್ಟೆ, ಹತ್ತು ಹನ್ನೆರಡು ಇಟ್ಟು ಕಾವಿಗೆ ಕೂತ್ರೆ ಆಮೇಲೆ ತಿಂಗಳುಗಟ್ಟಲೆ ರಜೆ. ಮಳೆಗಾಲ ಕಳೆದು ಹಳೆ ಗರಿ ಉದುರುವ ಸಮಯದಲ್ಲಿಯೂ ನಿಲ್ಸಿ ಬಿಡ್ತವೆ. ಅದೆಲ್ಲ ಲೆಕ್ಕ ಹಾಕಿ ನೋಡಿ.

ನಿಮ್ಮ ಕಪ್ಪಿಯದ್ದು ನಂಗೆ ಅನಿಸುವುದು ಮೊದಲನೇ ಜಾತಿ ಅಂತ. ಯಾಕೆ ಅಂದ್ರೆ ಹುಂಜ ಹೋದ ಎರಡೇ ವಾರಕ್ಕೆ ಶುರುವಾದದ್ದು, ಮೈಯಲ್ಲಿ ಬದಲಾದ್ದು ಅಂತ ನೀವು ಎಂತದ್ದೂ ಬರೀಲಿಲ್ಲ. ಕೋಳಿ ಹಿಂಡಲ್ಲಿ ಒಂದು ಏಣಿ ಉಂಟು, ಮೇಲಿನದ್ದು ಕೆಳಗಿನದ್ದನ್ನು ಕುಕ್ಕುತ್ತದೆ, ಕೆಳಗಿನದ್ದು ಅದಕ್ಕಿಂತ ಕೆಳಗಿನದ್ದನ್ನು. ಇದನ್ನು ಕೂತು ಬರೆದಿಟ್ಟು ಮೊದ್ಲು ಹೇಳಿದ್ದು ನಾರ್ವೆಯ ಶೆಲ್ಡೆರುಪ್ ಎಬ್ಬೆ ಅಂತ ಒಬ್ರು, 1920ರ ಆಸುಪಾಸಿನ ಮಾತು. ಕೂಡುಕುಟುಂಬದಲ್ಲಿ ಮದುವೆಯಾಗಿ ಹೋದವ್ರಿಗೆ ಇದನ್ನು ನಾರ್ವೆಯವ್ರು ಬಂದು ಹೇಳ್ಬೇಕಾಗಿಲ್ಲ ಬಿಡಿ. ಹುಂಜ ಇರುವಾಗ ಏಣಿಯ ತುದಿಯಲ್ಲಿ ಅದು. ಆಕಾಶ ನೋಡುವುದು ಅದು, ಗಿಡುಗ ಕಂಡ್ರೆ ಒಂದು ಕೂಗು, ನಾಯಿ ನರಿ ಬಂದ್ರೆ ಬೇರೆಯೇ ಕೂಗು, ಎರಡಕ್ಕೂ ಹೇಂಟೆಗಳು ಬೇರೆ ಬೇರೆ ತರ ಅಡಗ್ತವೆ, ಗಮನಿಸಿ ನೋಡಿ. ಹುಳ ಸಿಕ್ಕಿದ್ರೆ ತಲೆ ಮೇಲೆ ಕೆಳಗೆ ಮಾಡಿ ಕುಕ್ ಕುಕ್ ಅಂತ ಕರೆಯುವುದು, ಜಗಳ ಬಿಡಿಸುವುದು ಎಲ್ಲ ಅದರ ಡ್ಯೂಟಿ. ಹುಂಜ ಸಾರಾದ ಮೇಲೆ ಆ ಸೀಟು ಖಾಲಿ. ಹೇಂಟೆಗಳಲ್ಲಿ ಮೇಲಿನದ್ದು ಯಾವುದೋ ಅದು ಹತ್ತಿ ಕೂತಿತು. ಮೇಲೆ ಹತ್ತುವುದೂ ಯಜಮಾನಿಕೆ ತೋರಿಸ್ಲಿಕ್ಕೆ ಮಾಡುವುದೇ. ಇಂಥ ಹೇಂಟೆ ಬೆಳಿಗ್ಗೆ ಕೂಗಿ ಹತ್ತು ಗಂಟೆಗೆ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು ಬರ್ತದೆ, ನಾನೇ ಎಷ್ಟೋ ಸಲ ನೋಡಿದ್ದೇನೆ. ಹೊಸ ಹುಂಜ ತಂದ್ರೆ ಹೆಚ್ಚಿನವು ಸುಮ್ಮನಾಗ್ತವೆ.

ಕೂಗ್ಲಿಕ್ಕೆ ಹೇಂಟೆಗೆ ಶಕ್ತಿ ಎಲ್ಲಿಂದ ಬಂತು ಅಂತ ಕೇಳ್ಬಹುದು. ಸ್ವರದ ಗೂಡು ಹೇಂಟೆಗೂ ಉಂಟು. ಗಂಡು ಹಾರ್ಮೋನೂ ಉಂಟು, ಹೇಂಟೆಯ ಅಂಡಾಶಯ ಮೊದ್ಲು ಗಂಡು ಹಾರ್ಮೋನನ್ನೇ ಮಾಡಿ ಆಮೇಲೆ ಅರೋಮಟೇಸ್ ಅನ್ನುವ ಕಿಣ್ವದಿಂದ ಅದನ್ನು ಹೆಣ್ಣು ಹಾರ್ಮೋನ್ ಈಸ್ಟ್ರೊಜನ್ ಆಗಿ ತಿರುಗಿಸುವುದು. ಮಜ್ಜಿಗೆ ಆಗ್ಬೇಕಾದ್ರೆ ಮೊದ್ಲು ಹಾಲು ಇರ್ಬೇಕಲ್ಲ, ಹಾಗೆ.

ಈಗ ಎರಡನೇ ಜಾತಿ. ಇದನ್ನು ಹೇಳ್ಲಿಕ್ಕೆ ನಂದೇ ಒಂದು ತಪ್ಪು ಹೇಳ್ಬೇಕು. ಮೃಗಾಸ್ಪತ್ರೆ ಕೆಲ್ಸದಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಕಳೆದವಳು ನಾನು, ಆದ್ರೂ ನಮ್ಮ ಮನೆಯದ್ದೇ ಕೆಂಪಿಯ ವಿಷಯದಲ್ಲಿ ಪೂರಾ ಎಡವಿದೆ. ಅದಕ್ಕೆ ನಾಲ್ಕು ವರ್ಷ ಆಗಿತ್ತು. ಮೊಟ್ಟೆ ನಿಂತಿತು, ಪ್ರಾಯ ಆಯ್ತು ಅಂದ್ಕೊಂಡೆ. ಗರಿ ಉದುರಿತು, ಆಟಿ ಕಳೆದು ಹೊಸ ಗರಿ ಬರುವ ಟೈಮು ಅಂದ್ಕೊಂಡೆ. ಹುಳದ ಮದ್ದು ಕೊಟ್ಟೆ, ಕ್ಯಾಲ್ಸಿಯಂ ಕೊಟ್ಟೆ, ಮದ್ದಿನ ಬಾಟ್ಲಿಯ ಮಲಯಾಳ ಚೀಟಿ ಓದಿ ಓದಿ ಡೋಸ್ ಲೆಕ್ಕ ಹಾಕಿ ಕೊಟ್ಟೆ. ಹೊಸ ಗರಿ ಬಂದ ಮೇಲೆ ನೋಡಿದ್ರೆ ಕುತ್ತಿಗೆಯ ಗರಿ ದುಂಡಗಿಲ್ಲ, ಉದ್ದ ಚೂಪು, ಎಣ್ಣೆ ಹಚ್ಚಿದ ಹಾಗೆ ಹೊಳೀತಾ ಉಂಟು. ಸೊಂಟದ ಎರಡೂ ಕಡೆ ನೂಲಿನ ಹಾಗೆ ಇಳಿದಿದೆ. ಬಾಲದಲ್ಲಿ ಎರಡು ಗರಿ ಬಗ್ಗಿ ನಿಂತಿದೆ. ಜುಟ್ಟು ಎದ್ದು ಕೆಂಪು ಕೆಂಪಾಗಿದೆ, ಕಾಲಲ್ಲಿ ಮುಳ್ಳು ಮೊಳೀತಾ ಉಂಟು. ಮನೆಗೆ ಬಂದ ಒಬ್ರು, ಕೋಳಿಅಂಕಕ್ಕೆ ಹೋಗುವ ಗಿರಾಕಿ, ಹುಂಜ ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದ್ರು. ಆಗ ನಂಗೆ ತಲೆಗೆ ಹೋದದ್ದು!

ಒಂದೂವರೆ ವರ್ಷ ಹಾಗೇ ಬದುಕಿ ಒಂದು ದಿನ ಗೂಡಲ್ಲಿ ಸತ್ತಿತ್ತು. ಬಿಚ್ಚಿ ನೋಡಿದೆ. ಮೊಟ್ಟೆ ಇಡುವ ಹೇಂಟೆ ಕೊಯ್ದವ್ರಿಗೆಲ್ಲ ಗೊತ್ತುಂಟು, ಒಳಗೆ ಎಡಗಡೆ ಬೆನ್ನಿಗೆ ಅಂಟಿಕೊಂಡು ಚಿಕ್ಕ ದೊಡ್ಡ ಹಳದಿ ಗೋಲಿಗಳ ಗೊಂಚಲು ಇರ್ತದೆ, ಮಕ್ಕಳು ಸಾರಿನಲ್ಲಿ ಅದಕ್ಕೇ ಜಗಳ ಮಾಡುವುದು. ಕೆಂಪಿಗೆ ಆ ಗೊಂಚಲು ಇಲ್ಲ. ಅಲ್ಲಿ ಅಡಿಕೆಯಷ್ಟು ದೊಡ್ಡ ಬೂದು ಗಡ್ಡೆ. ಬಲಗಡೆ, ಎಂತದ್ದೂ ಇರ್ಬಾರದ ಜಾಗದಲ್ಲಿ, ಅಲಸಂಡೆ ಬೀಜದ ಹಾಗೆ ಬಿಳಿಚಿದ್ದು ಒಂದು.

ವಿಷಯ ಎಂತ ಅಂದ್ರೆ, ಹೇಂಟೆ ಮೊಟ್ಟೆಯೊಳಗೆ ಇರುವಾಗ ಅಂಡಾಶಯದ ಮೊಳಕೆ ಎರಡು ಕಡೆಯೂ ಇರ್ತದೆ, ಆದ್ರೆ ಬೆಳೆಯುವುದು ಎಡಗಡೆದ್ದು ಮಾತ್ರ. ಬಲಗಡೆದ್ದು ಸಣ್ಣದಾಗಿ ಹಾಗೇ ಮಲಗಿರ್ತದೆ. ಎಡಗಡೆದ್ದು ಗಡ್ಡೆಯಿಂದಲೋ, ಸೋಂಕಿಂದಲೋ, ನೀರುಗುಳ್ಳೆಯಿಂದಲೋ ಹಾಳಾದ್ರೆ ಈಸ್ಟ್ರೊಜನ್ ಬತ್ತಿ ಹೋಗ್ತದೆ, ಆಗ ಮಲಗಿದ್ದದ್ದು ಎದ್ದು ಬೆಳೀಬಹುದು, ಬೆಳೆದ್ರೆ ಹೆಚ್ಚಾಗಿ ವೃಷಣದ ತರ, ಇಲ್ಲಾಂದ್ರೆ ಅರ್ಧ ಅದು ಅರ್ಧ ಇದು. ಅದು ಗಂಡು ಹಾರ್ಮೋನ್ ಬಿಡ್ಲಿಕ್ಕೆ ಶುರು ಮಾಡಿದ್ರೆ ಜುಟ್ಟು ಬೆಳೀತದೆ, ಕೂಗು ಬರ್ತದೆ.

ಇಲ್ಲಿ ಒಂದು ಮಜಾ ಉಂಟು, ನಂಗೆ ಇಡೀ ಕೋಳಿಶಾಸ್ತ್ರದಲ್ಲಿ ಇಷ್ಟವಾದದ್ದು ಇದೇ. ಹುಂಜದ ಆ ಚಂದದ ಗರಿ ಗಂಡು ಹಾರ್ಮೋನಿಂದ ಬಂದದ್ದು ಅಂತ ನಾವೆಲ್ಲ ಎಣಿಸುವುದು. ಅಲ್ಲ. ಕೋಳಿಯ ಚರ್ಮ ಅದರಷ್ಟಕ್ಕೆ ಬಿಟ್ರೆ ಹುಂಜದ ಗರಿಯನ್ನೇ ಹುಟ್ಟಿಸುವುದು, ಈಸ್ಟ್ರೊಜನ್ ಬಂದು ತಡೆದು ಹೇಂಟೆಯ ಸಾದಾ ದುಂಡು ಗರಿ ಮಾಡಿಸುವುದು. ಕಾಲಿನ ಮುಳ್ಳೂ ಹಾಗೆಯೇ, ಈಸ್ಟ್ರೊಜನ್ ಅದನ್ನು ಬೆಳೀಲಿಕ್ಕೆ ಬಿಡುದಿಲ್ಲ. ಆದ್ರೆ ಜುಟ್ಟು ಮತ್ತು ಕೂಗು ಬೇರೆ ಲೆಕ್ಕ, ಅದಕ್ಕೆ ಗಂಡು ಹಾರ್ಮೋನೇ ಬೇಕು. 1849ರಲ್ಲಿ ಜರ್ಮನಿಯ ಗಟಿಂಗನ್‌ನಲ್ಲಿ ಆರ್ನಾಲ್ಡ್ ಬರ್ತೊಲ್ಡ್ ಅನ್ನುವವ್ರು ಹುಂಜದ ಮರಿಗಳ ಬೀಜ ತೆಗೆದು ನೋಡಿದ್ರು, ಜುಟ್ಟು ಬೆಳೀಲಿಲ್ಲ, ಕೂಗ್ಲಿಲ್ಲ, ಜಗಳಕ್ಕೂ ಹೋಗ್ಲಿಲ್ಲ. ಬೀಜವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಕೂರಿಸಿದ್ರೆ ಎಲ್ಲ ವಾಪಸು ಬಂತು. ನರದ ಸಂಬಂಧ ಇಲ್ಲದೆ ರಕ್ತದ ಮೂಲಕವೇ ಏನೋ ಹೋಗ್ತದೆ ಅಂತ ಅವ್ರಿಗೆ ಗೊತ್ತಾಯ್ತು, ಹಾರ್ಮೋನ್ ಅನ್ನುವ ಶಬ್ದ ಹುಟ್ಟುವುದಕ್ಕೆ ಎಷ್ಟೋ ಮೊದ್ಲೇ. ಹಾಗಾಗಿ ಹೇಂಟೆಗೆ ಹುಂಜದ ಗರಿ ಬಂದ್ರೆ ಈಸ್ಟ್ರೊಜನ್ ಹೋಯ್ತು ಅಂತ ಅರ್ಥ, ಜುಟ್ಟು ಎದ್ದು ಗಟ್ಟಿ ಕೂಗು ಬಂದ್ರೆ ಗಂಡು ಹಾರ್ಮೋನ್ ಬಂತು ಅಂತ. ಎರಡೂ ಒಟ್ಟಿಗೇ ಆಗ್ಬೇಕಂತ ಇಲ್ಲ. ಸೆಬ್ರೈಟ್ ಅಂತ ಒಂದು ಸಣ್ಣ ಇಂಗ್ಲಿಷ್ ತಳಿ ಉಂಟು, ಅದ್ರ ಹುಂಜಕ್ಕೆ ಹೇಂಟೆಯದ್ದೇ ಗರಿ, ಯಾಕಂದ್ರೆ ಅದ್ರ ಚರ್ಮವೇ ಕೂತಲ್ಲಿ ಈಸ್ಟ್ರೊಜನ್ ಮಾಡ್ತದೆ. ಕೂಗುವುದು ಮಾತ್ರ ಗಂಡಿನ ಹಾಗೆಯೇ.

ಇನ್ನು ಹೊಸ ಗರಿ ಬರುವವರೆಗೆ ಹಳೆ ಗರಿ ಬದಲಾಗುದಿಲ್ಲ ಅನ್ನುವುದೂ ನೆನಪಿಡಿ. ಎರಡು ವಾರದಲ್ಲಿ ಹೇಂಟೆ ಹುಂಜ ಆಯ್ತು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಬರೀ ಮುಳ್ಳು ನೋಡಿಯೂ ತೀರ್ಮಾನ ಬೇಡ, ಪ್ರಾಯ ಆದ ಹೇಂಟೆಗೆ ಮುಳ್ಳು ಸುಮ್ಮನೆಯೂ ಬರ್ತದೆ.

ಮದ್ದು ಇದಕ್ಕೆ ಇಲ್ಲ, ಬೇಕಂತಲೂ ಇಲ್ಲ, ಕೋಳಿ ತಿಂದು ಉಂಡು ಚುರುಕಾಗಿ ಇದ್ರೆ ಹಾಗೇ ಬಿಡಿ. ಹೊಟ್ಟೆ ಊದಿ ನೀರು ತುಂಬಿದ ಹಾಗೆ ಮೆತ್ತಗಾದ್ರೆ, ಕಾಲು ಅಗಲ ಮಾಡಿ ನೆಟ್ಟಗೆ ನಿಂತ್ರೆ, ಜುಟ್ಟು ಬಿಳಿಚಿದ್ರೆ ಮೃಗಾಸ್ಪತ್ರೆಗೆ ತಗೊಂಡು ಹೋಗಿ. ಕಪ್ಪಿ ಉಳಿದವುಗಳ ಬೆನ್ನಿನ ಗರಿ ಕಿತ್ತು ಹಾಕುವಷ್ಟು ಹತ್ತಿದ್ರೆ ನಾಲ್ಕೈದು ದಿನ ಬೇರೆ ಬುಟ್ಟಿಯಲ್ಲಿ ಮುಚ್ಚಿಡಿ, ವಾಪಸು ಬಿಡುವಾಗ ಅದರ ಸ್ಥಾನ ಸ್ವಲ್ಪ ಕೆಳಗೆ ಇಳಿದಿರ್ತದೆ. ತಿಂಡಿ ಎರಡು ಕಡೆ ಹಾಕಿ, ಒಂದೇ ಪಾತ್ರೆ ಆದ್ರೆ ಅದು ಕಾವಲು ನಿಲ್ತದೆ.

ಅತ್ತೆಯ ಅಪಶಕುನದ ಮಾತಿಗೆ ನಾನು ಎಂತ ಹೇಳುವುದು, ಹಿರಿಯರು. ಕೂಗುವ ಹೇಂಟೆಯ ವಿಷಯ ಹೊಸದಲ್ಲ, 2300 ವರ್ಷದ ಹಿಂದೆಯೇ ಗ್ರೀಸಿನ ಅರಿಸ್ಟಾಟಲ್ ಬರೆದಿದ್ದಾನೆ, ಹುಂಜವನ್ನು ಜಗಳದಲ್ಲಿ ಸೋಲಿಸಿದ ಹೇಂಟೆ ಕೂಗ್ತದೆ, ಬೇರೆ ಹೇಂಟೆ ಮೇಲೆ ಹತ್ಲಿಕ್ಕೆ ನೋಡ್ತದೆ, ಬಾಲ ಎತ್ತಿ ನಡೀತದೆ ಅಂತ. ಅತ್ತೆ ಹತ್ರ ಹೀಗೆ ಕೇಳಿ, ಅಪಶಕುನ ಬಂದದ್ದು ಹೇಂಟೆ ಕೂಗಿದ್ದಕ್ಕಾ, ಹುಂಜವನ್ನು ನಾದಿನಿಗೆ ಸಾರು ಮಾಡಿದ್ದಕ್ಕಾ?

ಪ್ರಶ್ನೆ: ಬದಿಯಡ್ಕದಿಂದ. ವ್ಯಾನಲ್ಲಿ ಬಂದವ್ರ ಹತ್ರ ಎರಡು ತಿಂಗಳ ಹತ್ತು ಮರಿ ತಗೊಂಡದ್ದು, ಎಲ್ಲ ಹೇಂಟೆ ಗ್ಯಾರಂಟಿ ಅಂತ ಹೇಳಿ ಕೊಟ್ಟದ್ದು. ಈಗ ನಾಲ್ಕು ತಿಂಗಳು. ಮೂರು ಹೇಂಟೆ ಕೂಗ್ಲಿಕ್ಕೆ ಶುರು ಮಾಡಿದೆ. ನಿಮ್ಮ ಪ್ರಕಾರ ಇದು ಯಾವ ಜಾತಿ?

ಉತ್ತರ: ಇದು ಮೂರನೇ ಜಾತಿ ಅಣ್ಣಾ, ಹುಂಜ ಜಾತಿ. ನಿಮಗೆ ಟೋಪಿ ಬಿದ್ದದ್ದು.

ಮೊಟ್ಟೆಯೇ ಇಡದ ಪ್ರಾಯದಲ್ಲಿ ಮೂರು ಮೂರು ಒಟ್ಟಿಗೆ ಕೂಗಿದ್ರೆ ಅಂಡಾಶಯ ಹಾಳಾದ್ದು ಅಂತ ಎಣಿಸ್ಬೇಡಿ. ಅಷ್ಟು ಅಪರೂಪದ್ದು ನಿಮ್ಮ ಒಂದೇ ಗೂಡಲ್ಲಿ ಮೂರು ಸಲ ಆಗ್ಲಿಕ್ಕಿಲ್ಲ. ಸೊಂಟದ ಗರಿ ನೋಡಿ, ಚೂಪು ಉಂಟಾ, ಕಾಲು ದಪ್ಪ ಉಂಟಾ, ಜುಟ್ಟು ಉಳಿದ ಏಳಕ್ಕಿಂತ ಬೇಗ ಕೆಂಪಾಗಿತ್ತಾ? ಹಾಗಾದ್ರೆ ಮುಗೀತು. ಒಂದು ದಿನದ ಮರಿಯ ಹಿಂಭಾಗ ಒತ್ತಿ ನೋಡಿ ಗಂಡು ಹೆಣ್ಣು ಹೇಳುವ ವಿದ್ಯೆ ಜಪಾನಿನವ್ರು ಕಂಡುಹಿಡಿದದ್ದು, ಪಳಗಿದವ್ರ ಕೈಯಲ್ಲಿಯೂ ನೂರಕ್ಕೆ ಒಂದೆರಡು ತಪ್ಪುತ್ತದೆ. ಹತ್ತರಲ್ಲಿ ಮೂರು ತಪ್ಪಿದ್ರೆ ಅದು ವಿದ್ಯೆಯ ತಪ್ಪಲ್ಲ. ಹಾಗೇ ಜಾತ್ರೆಯಲ್ಲಿ ಗುಲಾಬಿ ಹಸುರು ಬಣ್ಣ ಹಾಕಿ ಮಾರ್ತಾರಲ್ಲ ಮರಿ, ಅದು ಹೆಚ್ಚಾಗಿ ಮೊಟ್ಟೆಕೋಳಿ ಹ್ಯಾಚರಿಯವ್ರು ಬೇಡ ಅಂತ ತೆಗೆದು ಹಾಕಿದ ಗಂಡು ಮರಿ, ಮಕ್ಕಳು ಹಟ ಮಾಡಿದ್ರೆ ತಗೊಳ್ಳಿ, ಮೊಟ್ಟೆಯ ಆಸೆ ಇಟ್ಕೊಳ್ಬೇಡಿ. ಏಳು ಹೇಂಟೆಗೆ ಒಂದು ಹುಂಜ ಸಾಕು, ಉಳಿದ ಎರಡು ಎಂತ ಮಾಡ್ಬೇಕಂತ ನಾನು ಹೇಳ್ಬೇಕಾಗಿಲ್ಲ.

ಪ್ರಶ್ನೆ: ಮುಳ್ಳೇರಿಯ ಕಡೆಯ ಟೀಚರ್ ನಾನು. ಕ್ಲಾಸಲ್ಲಿ ಆ ವಿಡಿಯೋ ವಿಷಯ ಬಂದು ಒಬ್ಬ ಹುಡುಗ ಕೇಳಿದ, ಹೇಂಟೆ ಹುಂಜ ಆದ್ರೆ ಅದರ ಕ್ರೋಮೋಸೋಮ್ ಸಹ ಬದಲಾಗ್ತದಾ ಅಂತ. ನಾಳೆ ಹೇಳ್ತೇನೆ ಅಂತ ತಪ್ಪಿಸ್ಕೊಂಡು ಬಂದೆ. ಬೇಗ ಬರೀರಿ!

ಉತ್ತರ: ಆ ಹುಡುಗನಿಗೆ ನನ್ನ ಲೆಕ್ಕದಲ್ಲಿ ಒಂದು ಪೆನ್ನು ಕೊಡಿ ಟೀಚರೇ. ಬದಲಾಗುದಿಲ್ಲ. ಕೆಂಪಿ ಸಾಯುವಾಗಲೂ ಕ್ರೋಮೋಸೋಮಿನಲ್ಲಿ ಹೇಂಟೆಯೇ.

ಮನುಷ್ಯರಲ್ಲಿ ಗಂಡಿಗೆ ಎಕ್ಸ್ ವೈ, ಹೆಣ್ಣಿಗೆ ಎರಡು ಎಕ್ಸ್. ಕೋಳಿಯಲ್ಲಿ ತಿರುಗುಮುರುಗು, ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದು ಝಡ್ ಒಂದು ಡಬ್ಲ್ಯೂ. ಅಂದ್ರೆ ಮರಿ ಗಂಡಾ ಹೆಣ್ಣಾ ಅನ್ನುವುದು ತಾಯಿಯ ಕಡೆಯಿಂದ ತೀರ್ಮಾನ ಆಗುವುದು. ಗಂಡು ಹುಟ್ಲಿಲ್ಲ ಅಂತ ಸೊಸೆಯನ್ನು ಬಯ್ಯುವವ್ರು ಕೋಳಿ ಆಗಿ ಹುಟ್ಟಿದ್ರೆ ಅವ್ರ ಮಾತು ಸರಿ ಇರ್ತಿತ್ತು. ಝಡ್ ಮೇಲೆ ಡಿಎಮ್‌ಆರ್‌ಟಿ1 ಅಂತ ಒಂದು ಜೀನ್ ಉಂಟು, ಅದು ಎರಡು ಪ್ರತಿ ಇದ್ರೆ ವೃಷಣ ಕಟ್ಟುತ್ತದೆ, ಒಂದೇ ಇದ್ರೆ ಅಂಡಾಶಯ.

ಮೇಲಿನ ಕ್ಲಾಸಿನವ್ರಿಗೆ ಇನ್ನೂ ಒಂದು ಹೇಳಿ. ಅಪರೂಪಕ್ಕೆ ಕೆಲವು ಕೋಳಿ ಮೂಗಿನ ನೇರಕ್ಕೆ ಗೆರೆ ಎಳೆದ ಹಾಗೆ ಒಂದು ಪಕ್ಕ ಹುಂಜ ಒಂದು ಪಕ್ಕ ಹೇಂಟೆ ಆಗಿ ಹುಟ್ತದೆ, ಒಂದು ಗಲ್ಲದ ಕೆಳಗೆ ದೊಡ್ಡ ಜೋಲು ಇನ್ನೊಂದರ ಕೆಳಗೆ ಸಣ್ಣದು. ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯವ್ರು ಇಂಥದ್ದನ್ನು ಪರೀಕ್ಷೆ ಮಾಡಿ 2010ರಲ್ಲಿ ಹೇಳಿದ್ರು, ಗಂಡು ಪಕ್ಕದ ಜೀವಕೋಶ ಹೆಚ್ಚಿನವು ಎರಡು ಝಡ್‌ದ್ದು, ಹೆಣ್ಣು ಪಕ್ಕದ್ದು ಝಡ್ ಡಬ್ಲ್ಯೂದ್ದು ಅಂತ. ಮೈಯೆಲ್ಲ ಹರಿಯುವುದು ಒಂದೇ ರಕ್ತ, ಹಾರ್ಮೋನೂ ಒಂದೇ, ಆದ್ರೂ ಎರಡು ಪಕ್ಕ ಎರಡು ತರ. ಹಾಗಾದ್ರೆ ಹಕ್ಕಿಯಲ್ಲಿ ಪ್ರತಿ ಜೀವಕೋಶಕ್ಕೂ ತಾನು ಗಂಡಾ ಹೆಣ್ಣಾ ಅಂತ ಸ್ವಲ್ಪ ಮಟ್ಟಿಗೆ ಮೊದ್ಲೇ ಗೊತ್ತಿರ್ತದೆ ಅಂತ ಆಯ್ತು. ಹಾರ್ಮೋನೇ ಎಲ್ಲ ಅಂತ ನಾನು ಮೇಲೆ ಪೈವಳಿಕೆಯವ್ರಿಗೆ ಬರೆದದ್ದಕ್ಕೆ ಇದನ್ನೂ ಸೇರಿಸಿ ಓದಿ.

ಮಕ್ಕಳಿಗೆ ಕತೆ ಬೇಕಾದ್ರೆ ಬಾಸೆಲ್‌ದ್ದು ಹೇಳಿ, ಸ್ವಿಟ್ಜರ್ಲೆಂಡಿನ ಊರು. 1474ರಲ್ಲಿ ಅಲ್ಲಿ ಒಂದು ಹುಂಜ ಮೊಟ್ಟೆ ಇಟ್ಟಿತು ಅಂತ ಕೋರ್ಟಿಗೆ ಹಾಕಿ, ವಿಚಾರಣೆ ಮಾಡಿ, ಊರವ್ರ ಎದುರು ಸುಟ್ಟು ಹಾಕಿದ್ರು. ಹುಂಜ ಮೊಟ್ಟೆ ಇಡ್ಲಿಕ್ಕೆ ಸಾಧ್ಯ ಇಲ್ಲ, ನಂಗೆ ಕಾಣುವುದು ಅದೂ ನಮ್ಮ ಕೆಂಪಿಯ ಹಾಗೆ ಹುಂಜದ ಗರಿ ಬಂದ ಪಾಪದ ಹೇಂಟೆ ಆಗಿರ್ಬಹುದು ಅಂತ. ನಮ್ಮಲ್ಲಿ ಕೊಯ್ದು ತಿನ್ನುವುದಾದ್ರೂ ಉಂಟು.

ಪ್ರಶ್ನೆ: ಉಪ್ಪಳದಿಂದ ಬರೆಯುವುದು. ನೀವು ನಂಬ್ಲಿಕ್ಕಿಲ್ಲ, ನಮ್ಮ ಕೂಗುವ ಹೇಂಟೆ ಅಪ್ಪ ಆಗಿದೆ! ಹುಂಜವನ್ನು ಮಾರಿ ಎಂಟು ದಿನ ಆದ ಮೇಲೆ ಇಟ್ಟ ಮೊಟ್ಟೆ ಸೇರಿಸಿ ಒಂಬತ್ತು ಮೊಟ್ಟೆ ಕಾವಿಗೆ ಇಟ್ಟದ್ದು, ಆರು ಮರಿ ಆಗಿದೆ. ಹತ್ತಿರದಲ್ಲಿ ಬೇರೆ ಹುಂಜ ಇಲ್ಲ. ಕೂಗುವ ಹೇಂಟೆ ಉಳಿದದ್ದರ ಮೇಲೆ ಹತ್ತುವುದು ನಾವೇ ಕಂಡಿದ್ದೇವೆ. ಪೇಪರಿಗೆ ಹಾಕ್ಬಹುದಾ?

ಉತ್ತರ: ಪೇಪರಿಗೆ ಹಾಕುವ ಮೊದ್ಲು ಕ್ಯಾಲೆಂಡರ್ ನೋಡಿ. ಹೇಂಟೆಯ ಮೊಟ್ಟೆ ಬರುವ ದಾರಿಯಲ್ಲಿ ಸಣ್ಣ ಸಣ್ಣ ಚೀಲದಂಥ ಕೊಳವೆಗಳು ಉಂಟು, ಹುಂಜದ ವೀರ್ಯ ಅಲ್ಲಿ ಹೋಗಿ ಕೂತು ಎರಡು ವಾರ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ದಿನ ಜೀವಂತ ಇರ್ತದೆ, ದಿನಾ ಬರುವ ಮೊಟ್ಟೆಗೆ ಅಲ್ಲಿಂದಲೇ ಸಪ್ಲೈ. ಹುಂಜ ಮಾರಿದ ಎಂಟನೇ ದಿನದ ಮೊಟ್ಟೆ ಅಂದ್ರೆ ಪೂರಾ ಲೆಕ್ಕದೊಳಗೆ. ಮರಿಗಳ ಅಪ್ಪ ನೀವು ಮಾರಿದ ಹುಂಜವೇ, ತಗೊಂಡವ್ರಿಗೆ ಬೇಕಾದ್ರೆ ಹೇಳಿ ಕಳಿಸಿ. ನಿಜವಾಗಿ ಪರೀಕ್ಷೆ ಆಗ್ಬೇಕಾದ್ರೆ ಹುಂಜ ಹೋಗಿ ಕಮ್ಮಿಯಲ್ಲಿ ಒಂದು ತಿಂಗಳು ಕಳೆದ ಮೇಲಿನ ಮೊಟ್ಟೆ ಇಡಿ, 21 ದಿನ ಕಾಯಿರಿ. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಹಿಡಿದು ನೋಡಿದ್ರೂ ಗೊತ್ತಾಗ್ತದೆ, ನರ ನರ ಜೇಡರ ಬಲೆ ತರ ಕಂಡ್ರೆ ಮರಿ, ಬರೀ ಬೆಳ್ಳಗೆ ಕಂಡ್ರೆ ಬೊಂಡೆ ಕಾಯಿಸಿದ ಹಾಗೆ, ಪ್ರಯೋಜನ ಇಲ್ಲ. ಕಾವು ತಪ್ಪಿಸಿ ಎತ್ತಿ ಬಿಡಿ.

ಆಗ್ಲಿಕ್ಕೇ ಇಲ್ಲ ಅಂತಲೂ ಹೇಳುದಿಲ್ಲ. ಎಡಿನ್‌ಬರೋದಲ್ಲಿ ಎಫ್. ಎ. ಇ. ಕ್ರೂ ಅನ್ನುವ ವಿಜ್ಞಾನಿ 1923ರಲ್ಲಿ ವರದಿ ಮಾಡಿದ್ದುಂಟು, ಬಫ್ ಆರ್ಪಿಂಗ್ಟನ್ ಜಾತಿಯ ಒಂದು ಹೇಂಟೆ, ಮೊಟ್ಟೆ ಇಟ್ಟು ಮರಿಯನ್ನೂ ಮಾಡಿದ್ದದ್ದು, ಆಮೇಲೆ ಹುಂಜದ ರೂಪ ಬಂದು ಎರಡು ಮರಿಗೆ ಅಪ್ಪನೂ ಆಯ್ತಂತೆ. ಬಿಚ್ಚಿ ನೋಡಿದಾಗ ಅಂಡಾಶಯ ಕ್ಷಯದಿಂದ ಹಾಳಾಗಿತ್ತು. ಆದ್ರೆ ಅಂಥದ್ದು ನೂರು ವರ್ಷದಿಂದ ಜನ ಅದೊಂದನ್ನೇ ಹೇಳ್ತಾ ಬರುವಷ್ಟು ಅಪರೂಪ. ನಿಮ್ಮ ಹೇಂಟೆಗೆ ಗರಿಯೇ ಬದಲಾಗಿಲ್ಲ ಅಂತ ಫೋಟೋದಲ್ಲಿ ಕಾಣ್ತಾ ಉಂಟು.

ಪ್ರಶ್ನೆ: ಕುಂಬಳೆ. ನಮ್ಮ ಹೇಂಟೆ ಮೂರೂವರೆಗೆ ಕೂಗ್ತದೆ. ಪಕ್ಕದ ಕ್ವಾರ್ಟರ್ಸಿನವ್ರು ಜಗಳಕ್ಕೆ ಬಂದಿದ್ದಾರೆ. ಬಾಯಿ ಮುಚ್ಚಿಸುವ ಉಪಾಯ ಉಂಟಾ?

ಉತ್ತರ: ನಮ್ಮ ಕೋಳಿ ಕೂಗದಿದ್ರೆ ಬೆಳಗಾಗುದಿಲ್ಲ ಅಂದ ಅಜ್ಜಿಯ ಕತೆ ಕ್ವಾರ್ಟರ್ಸಿನವ್ರಿಗೆ ಗೊತ್ತಿರ್ಲಿಕ್ಕಿಲ್ಲ. ಕೂಗು ಬೆಳಕು ಕಂಡು ಬರುವುದಲ್ಲ, ಮೈಯೊಳಗಿನ ಗಡಿಯಾರದಿಂದ, ಜಪಾನಿನ ನಾಗೋಯಾದವ್ರು ಹುಂಜಗಳನ್ನು ಮಬ್ಬು ಬೆಳಕಲ್ಲೇ ಇಟ್ಟು 2013ರಲ್ಲಿ ತೋರಿಸಿದ್ರು. ಎರಡು ವರ್ಷ ಬಿಟ್ಟು ಅವ್ರೇ ಇನ್ನೊಂದು ಹೇಳಿದ್ರು, ಹಿಂಡಿನಲ್ಲಿ ಮೇಲಿನ ಹುಂಜ ಮೊದ್ಲು ಕೂಗುವುದು, ಉಳಿದವು ಅವುಗಳ ಸ್ಥಾನದ ಕ್ರಮದಲ್ಲಿ. ಹಾಗಾಗಿ ಗೂಡು ಕತ್ತಲೆ ಮಾಡಿದ್ರೆ ಕೂಗು ಪೂರಾ ನಿಲ್ಲುದಿಲ್ಲ, ಆದ್ರೆ ಬೀದಿದೀಪ, ಬೈಕಿನ ಲೈಟ್, ಆಚೆ ಊರಿನ ಹುಂಜದ ಶಬ್ದ ಕೇಳಿ ಉತ್ತರ ಕೊಡುವ ಕೂಗು ಕಮ್ಮಿ ಆಗ್ತದೆ. ಗೋಣಿ ಹಾಕಿ ಮುಚ್ಚಿ, ಗಾಳಿ ಆಡುವ ಹಾಗೆ ಇರ್ಲಿ, ಗೂಡಿನ ಕೋಲು ಮಾಡಿನ ಹತ್ತಿರ ಎತ್ತರಿಸಿ ಕಟ್ಟಿದ್ರೆ ಕತ್ತು ಪೂರ್ತಿ ಎತ್ಲಿಕ್ಕೆ ಆಗುದಿಲ್ಲ, ಕೂಗಿನ ಜೋರೂ ಇಳೀತದೆ. ಕುತ್ತಿಗೆಗೆ ಪಟ್ಟಿ ಕಟ್ಟುವುದು ನೆಟ್ಟಲ್ಲಿ ಕಂಡು ಕೆಲವರು ಕೇಳ್ತಾರೆ, ಮಾಡ್ಬೇಡಿ, ಉಸಿರು ಕಟ್ಟಿ ಸತ್ರೆ ಮತ್ತೆ ನಂಗೇ ಬರೀತೀರಿ. ವಾರಕ್ಕೆ ನಾಲ್ಕು ಮೊಟ್ಟೆ ಆ ಕ್ವಾರ್ಟರ್ಸಿಗೆ ಕೊಟ್ಟು ನೋಡಿ.

ಇಷ್ಟು ಬರೆದು ಪ್ರೆಸ್ಸಿಗೆ ಕೊಡುವ ಹೊತ್ತಲ್ಲಿ ಪೈವಳಿಕೆಯಿಂದ ಮೆಸೇಜ್ ಬಂತು, ಅವ್ರಿಗೆ ಕಲರ್ ಹಚ್ಚುವ ವಿಷಯ ನಾನು ಮೊದ್ಲೇ ಫೋನಲ್ಲಿ ಹೇಳಿದ್ದೆ. ಮೂರನೇ ದಿನ ಬುಟ್ಟಿಯಲ್ಲಿ ನಾಲ್ಕು ಮೊಟ್ಟೆ, ಅದ್ರಲ್ಲಿ ಒಂದಕ್ಕೆ ತುದಿಯಿಂದ ತುದಿಗೆ ನೀಲಿ ಗೆರೆ. ಕಪ್ಪಿಯ ಮೇಲಿನ ಕೇಸು ಸದ್ಯಕ್ಕೆ ವಜಾ. ಅತ್ತೆ ಮಾತ್ರ ನೀಲಿ ಮೊಟ್ಟೆ ನಾನು ತಿನ್ಲಿಕ್ಕಿಲ್ಲ ಅಂತ ಹೇಳಿ ಸೊಸೆಗೇ ಆಮ್ಲೆಟ್ ಮಾಡಿ ಕೊಟ್ರಂತೆ.